ಪಂಕ್ತಿಯಿಂದ ನಾನೇ ಎದ್ದೆ

ಬಾಯಿಲೆ ಹೇಳಿದ್ದು ಸಾಲದು, ಬರದು ನೆಂಟರಿಗೆಲ್ಲ ಕಳಸು ಅಂತ ಮೊಮ್ಮಗಳು ಕೈಯಾಗ ಮೊಬೈಲ್ ತುರುಕ್ಯಾಳ. ನಾಕನೇ ಇಯತ್ತಿಗೆ ಸಾಲಿ ಬಿಟ್ಟಾಕಿಗೆ ಇದೆಂಥ ಕಾಟ ನೋಡ್ರಿ!

ಇವತ್ತು ಕೊಡ್ಲಿ ಊರಾಗ ನನ್ನ ತಂಗಿ ಮಹಾದೇವಿ ಮೊಮ್ಮಗನ ತೊಟ್ಟಿಲ ಕಾರ್ಯ. ಅರ್ಧ ಹೋಳಿಗಿಗೇ ನನಗ ಸಾಕಾತು. ಆಕಿ ಗಂಡ ಶರಣಪ್ಪ ತುಪ್ಪದ ಗಿಂಡಿ ಹಿಡ್ಕೊಂಡು ಎದುರಿಗೇ ನಿಂತ.

"ನಮ್ಮ ಮನಿ ಊಟ ಸೇರಂಗಿಲ್ಲೇನ್ರೀ ಅಕ್ಕಾರ?"

"ಹೊಟ್ಟಿ ಸಣ್ಣದು ಮಾಡಿಸೀನಪ್ಪ."

"ಕೊಯ್ದ ಗುರ್ತೇ ಇಲ್ಲಂತಲ್ಲ! ಡಾಕ್ಟರ್ ನಿಮಗ ಟೊಪಿಗಿ ಹಾಕ್ಯಾನ."

ಪಂಕ್ತಿಗೆ ಪಂಕ್ತಿನೇ ನಕ್ಕಿತು. ನನಗ ಭಾಳ ಸಿಟ್ಟು ಬಂತು. ಸೊಂಟದಾಗಿನ ಎಲಿ-ಅಡಕಿ ಚೀಲ ತೆಗೆದು, ಅದರ ಒಂದು ಮಗ್ಗಲು ಒಳಗ ಮಡಚಿ ತೋರಿಸಿದೆ. "ಬಾಯಾಗ ನಳಿಗಿ ಇಳಿಸಿ, ಹೊಟ್ಟಿಚೀಲ ಒಳಗಿಂದನೇ ಹಿಂಗ ಮಡಚಿ ಹೊಲಿದಾರ. ಮ್ಯಾಲ ಗಾಯ ಎಲ್ಲಿಂದ ಬರಬೇಕು?"

ಹೋದ ವರ್ಷ ಇದೇ ಮನ್ಯಾಗ ಊಟ ಆದಮ್ಯಾಲ, ಆಗಿನ ನನ್ನ ಭಾರಕ್ಕ, ಇಬ್ಬರು ಹಿಡಿದು ಎಬ್ಬಿಸಿದ್ರು. ಇವತ್ತು ನೆಲಕ್ಕ ಕೈ ಊರದೇ ಎದ್ದು ನಿಂತೆ. ಒಬ್ಬರೂ ನಗಲಿಲ್ಲ.

ಮಹಾದೇವಿದೂ ದಪ್ಪ ಮೈ, ನೋವಿನ ಮೊಣಕಾಲು. ಗ್ವಾಡಿಗೆ ಆನಿಕೊಂಡು ನಿಂತಿದ್ದ ಆಕಿ ಕೇಳಿದಳು, "ಅಕ್ಕಾ, ನನಗೂ ಮಾಡ್ತಾರೇನ?"

"ಅದು ಡಾಕ್ಟರ್ ನೋಡಿ ಹೇಳಬೇಕವ್ವ" ಅಂದೆ. ಶರಣಪ್ಪ ತುಪ್ಪದ ಗಿಂಡಿ ಹಿಡ್ಕೊಂಡು ಮುಂದಿನ ಎಲಿಗೆ ಹೋದ.

ಶರಣಪ್ಪಾ, ನಿನ್ನ ಹೆಂಡ್ತೀನ ಆ ಗ್ವಾಡಿ ಎಷ್ಟು ದಿನ ಹೊರಬೇಕು? ಡಾಕ್ಟರ್ ಹತ್ರ ನೀ ಕರಕೊಂಡು ಹೋಗ್ತಿಯೋ, ನಾ ಹೋಗಲೋ? ಐತವಾರದೊಳಗ ಹೇಳು.