ಟಿ. ನರಸೀಪುರದ ನಡುವಿನ ಸ್ಪೇಸು

ಒಮ್ಮೆ ಮಾಡಿದ ಕೆಲಸವನ್ನೇ ಮತ್ತೆ ಕೈಯಾರೆ ಮಾಡುವುದೆಂದರೆ ತಾಂಡವಪುರದ ಲಿಖಿತಾಗೆ ಮೈ ಉರಿಯುತ್ತಿತ್ತು. ನಂಜನಗೂಡಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಅವಳು ಹಾಜರಾತಿಗೊಂದು, ಪ್ರಿಂಟರಿಗೊಂದು ಎಂದು ಕೆಲಸವನ್ನು ತಾವೇ ಮಾಡಿ ಮುಗಿಸುವ ಸಣ್ಣಪುಟ್ಟ ಸ್ಕ್ರಿಪ್ಟುಗಳನ್ನು ಬರೆದಿಟ್ಟುಕೊಂಡಿದ್ದಳು. ಊರಿನವರಿಗೆ ಒದಗಿದ್ದು ಮಾತ್ರ ಹೊಳೆಯ ಸ್ಕ್ರಿಪ್ಟು. ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ತಿಳಿದ ಕೂಡಲೇ ಅದನ್ನು ಓಡಿಸಿದರೆ, ದಡದಲ್ಲಿ ಪಂಪ್‌ಸೆಟ್ಟು ಇಟ್ಟವರ, ದನ ಕಟ್ಟಿದವರ ಮೊಬೈಲಿಗೆಲ್ಲ ಮೆಸೇಜು ಹೋಗುತ್ತಿತ್ತು.

ಮೊದಲು ಅದರಲ್ಲಿದ್ದದ್ದು ನಂಜನಗೂಡು ಒಂದೇ. ಟಿ. ನರಸೀಪುರದ ಹೊಳೆದಂಡೆಯಲ್ಲಿದ್ದ ಸೋದರತ್ತೆ ಶಿವನಂಜಮ್ಮ ತಮ್ಮ ಕಡೆಯವರನ್ನೂ ಸೇರಿಸಬೇಕೆಂದು ಪಟ್ಟು ಹಿಡಿದ ಮೇಲೆ ತೊಡಕು ಶುರುವಾಯಿತು. ಊರು ಬದಲಾದಾಗಲೆಲ್ಲ ಸ್ಕ್ರಿಪ್ಟನ್ನು ಬಿಚ್ಚಿ ಒಳಗೆ ತಿದ್ದಬೇಕು. ಒಂದು ಸಲ ತಿದ್ದಲು ಮರೆತು, ಪರೀಕ್ಷೆಗೆಂದು ಬರೆದ ಮೆಸೇಜು ಎಲ್ಲರಿಗೂ ಹೋಗಿ, ನಂಜನಗೂಡಿನ ಜನ ಸುಡುಬಿಸಿಲಿನಲ್ಲಿ ಮೋಟರು ಹೊತ್ತು ದಡ ಹತ್ತಿದ್ದರು. ಆಮೇಲೆ ಅವರು ಬೈದ ಬೈಗುಳಕ್ಕೆ ಲೆಕ್ಕವಿಲ್ಲ.

ಅಂದೇ ಲಿಖಿತಾ ಹಟ ತೊಟ್ಟಳು. ಇನ್ನು ಮೇಲೆ ಒಳಗೆ ಕೈಹಾಕುವುದೇ ಬೇಡ, ಹೇಳುವುದನ್ನೆಲ್ಲ ಕಮಾಂಡಿನ ಜೊತೆಯಲ್ಲೇ ಹೇಳಬೇಕು: ಮೈನಸ್ ಯು ಎಂದು ಬರೆದು ಊರು, ಮೈನಸ್ ಎಂ ಎಂದು ಮೆಸೇಜು, ಕಳಿಸದೆ ಬರೀ ತೋರಿಸುವುದಾದರೆ ಮೈನಸ್ ಟಿ. ಇವನ್ನು ಒಂದೊಂದಾಗಿ ಬಿಡಿಸಿಕೊಡುವ ಗೆಟ್‌ಆಪ್ಟ್ಸ್ ಎಂಬುದು ಕಮಾಂಡು ಓದಿ ನಡೆಸುವ ಶೆಲ್ಲಿನಲ್ಲೇ ಇದೆ ಎಂದು ಗೊತ್ತಾದಾಗ ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಸ್ಕ್ರಿಪ್ಟಿನಲ್ಲಿ ಅಕ್ಷರದ ನಂತರ ಕೋಲನ್ನಿನ ಎರಡು ಚುಕ್ಕಿ ಇಟ್ಟರೆ ಸಾಕು, ಕಮಾಂಡಿನಲ್ಲಿ ಆ ಅಕ್ಷರದ ನಂತರ ಬರುವ ಮಾತು ಅದಕ್ಕೆ ಸೇರಿದ್ದು ಎಂದು ಅದೇ ತಿಳಿದುಕೊಳ್ಳುತ್ತಿತ್ತು. ಇಲ್ಲದ ಅಕ್ಷರ ಕೊಟ್ಟರೆ ಗದರಿಸುತ್ತಿತ್ತು. ಪಕ್ಕದಲ್ಲಿ ಪಾಠದ ತಯಾರಿಯಲ್ಲಿದ್ದ ಗೆಳತಿ, ಸೋಸಲೆಯ ಸುಚೇತಾಳನ್ನು ಎಳೆತಂದು, ಬೇಕೆಂದೇ ತಪ್ಪು ಒತ್ತಿ ಒತ್ತಿ ಬೈಸಿಕೊಂಡು ನಕ್ಕಳು.

ಆಷಾಢದ ಒಂದು ಬೆಳಿಗ್ಗೆ ಅಣೆಕಟ್ಟಿನ ಗೇಟು ತೆಗೆದ ಸುದ್ದಿ ಬಂತು. ನಂಜನಗೂಡಿಗೆ ಮೆಸೇಜು ಸರಾಗವಾಗಿ ಹೋಯಿತು. ನೀರು ಕೆಳಗಿನ ನರಸೀಪುರ ಮುಟ್ಟುವುದಕ್ಕೆ ಇನ್ನೂ ಹೊತ್ತಿತ್ತು. ಊರಿನ ಹೆಸರನ್ನು ಟಿ. ನರಸೀಪುರ ಎಂದು ಬದಲಿಸಿ ಎಂಟರ್ ಒತ್ತಿದಳು. ‘ಟಿ.’ ಎಂಬ ಊರಿನಲ್ಲಿ ಯಾರೂ ಇಲ್ಲ ಎಂದಿತು ಸ್ಕ್ರಿಪ್ಟು. ಮತ್ತೆ ಒತ್ತಿದರೂ ಅದೇ ಉತ್ತರ. ಅಷ್ಟರಲ್ಲಿ ಅತ್ತೆಯ ಫೋನು.

“ನಂಜನಗೂಡ್ನಲ್ಲಿ ಒಳೆ ಏರ್ತಾ ಅದಂತೆ ಕಣವ್ವ. ನಮ್ಗೆ ಯಾಕೆ ಇನ್ನೂ ಮೆಸೇಜು ಬಂದಿಲ್ಲ?”

ಈಗಲೇ ಬರುತ್ತದೆ ಎಂದು ಹೇಳಿ ಫೋನಿಟ್ಟವಳು ಕಮಾಂಡನ್ನು ಮತ್ತೆ ಅಕ್ಷರ ಅಕ್ಷರವಾಗಿ ಓದಿದಳು. ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಸುಚೇತಾ ಮೆಲ್ಲಗೆ ಕೇಳಿದಳು, “ಟಿ. ಆದ್ಮೇಲೆ ಜಾಗ ಬಿಟ್ಟಿದ್ದೀಯಲ್ಲ, ಅಲ್ಲೇ ತುಂಡಾಗ್ತಿದೆಯೇನೋ?”

ಅಲ್ಲೇ ತುಂಡಾಗುತ್ತಿತ್ತು. ಸ್ಪೇಸು ಕಂಡ ಕೂಡಲೇ ಶೆಲ್ಲು ಒಂದು ಊರನ್ನು ಎರಡು ಮಾತಾಗಿ ಮಾಡಿತ್ತು. ಲಿಖಿತಾ ಹೆಸರಿನ ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿದಳು. ಈಗ ಗೆಟ್‌ಆಪ್ಟ್ಸ್ ಹೆಸರನ್ನು ಪೂರ್ತಿ ತೆಗೆದುಕೊಂಡಿತು. ಆದರೆ ಒಳಗೆ ಫೋನ್ ನಂಬರು ಹುಡುಕುವ ಸಾಲು ‘ನರಸೀಪುರ’ ಎಂಬ ಫೈಲೇ ಇಲ್ಲ ಎಂದು ತಕರಾರು ಮಾಡಿತು. ಅಲ್ಲೂ ಹೆಸರು ಚಿಹ್ನೆಯಿಲ್ಲದೆ ಬರಿಗೈಯಲ್ಲಿ ನಿಂತಿತ್ತು. ಅದಕ್ಕೂ ಹಾಕಿದಳು. ಮೊದಲು ಮೈನಸ್ ಟಿ ಕೊಟ್ಟು ನೋಡಿದರೆ ಅತ್ತೆಯ ಹೆಸರು, ಅಕ್ಕಪಕ್ಕದವರ ಹೆಸರು ಸಾಲಾಗಿ ಬಂದವು. ಮೈನಸ್ ಟಿ ಅಳಿಸಿ ಎಂಟರ್ ಒತ್ತಿದಳು. ‘ಕಳಿಸಿದೆ’ ಎಂಬ ಸಾಲುಗಳು ಪರದೆಯ ಮೇಲೆ ದಡದಡನೆ ಇಳಿದವು. ಗೆಳತಿಯರಿಬ್ಬರೂ ಒಬ್ಬರ ಕೈಯೊಬ್ಬರು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಮಧ್ಯಾಹ್ನ ರಜೆ ಹಾಕಿ ಇಬ್ಬರೂ ನರಸೀಪುರದ ಬಸ್ಸು ಹತ್ತಿದರು. ಹೊಳೆ ಕೆಂಪಗೆ ಉಬ್ಬಿ ಮೆಟ್ಟಿಲುಗಳನ್ನು ನುಂಗಿತ್ತು. ಮೋಟರುಗಳೆಲ್ಲ ರಸ್ತೆ ಬದಿಗೆ ಬಂದಿದ್ದವು, ದನಗಳು ಎತ್ತರದ ಬಯಲಿನಲ್ಲಿ ಮೆಲುಕು ಹಾಕುತ್ತಿದ್ದವು. ಅಲ್ಲಿ ನೆರೆದಿದ್ದವರ ನಡುವೆ ಶಿವನಂಜಮ್ಮ ಸೋದರಸೊಸೆಯ ರಟ್ಟೆ ಹಿಡಿದು ನಿಲ್ಲಿಸಿದರು.

“ಇವ್ಳೇ ಕಣ್ರಪ್ಪ, ನಮ್ಮಣ್ಣನ್ ಮಗ್ಳು. ಮೆಸೇಜು ಕಳ್ಸಿದ್ದು ಇವ್ಳೇಯ.”

ಲಿಖಿತಾ ನಾಚಿ, ತಪ್ಪು ಕಂಡುಹಿಡಿದವಳು ಇವಳೆಂದು ಸುಚೇತಾಳನ್ನು ಮುಂದಕ್ಕೆ ತಳ್ಳಿದಳು.