ಕೊನೆಯ ಮೆಟ್ಟಿಲು ಕೂರಿಸಿದವರು

ಗ್ರಂಥಾಲಯದ ಸುರುಳಿ ಮೆಟ್ಟಿಲು ಹತ್ತಿ ಮೇಲಿನ ಓದುವ ಕೋಣೆಗೆ ಹೋಗುವವರು ಯಾರೇ ಆಗಲಿ, ಕೊನೆಯ ಮೆಟ್ಟಿಲ ಮೇಲೆ ಕಾಲಿಟ್ಟ ಕೂಡಲೇ ಅದು ಕಿರ್ರೆನ್ನುತ್ತಿತ್ತು. ಹೊಸಬರು ಬೆಚ್ಚಿ ಕಾಲು ಹಿಂದೆಗೆಯುತ್ತಿದ್ದರು. ಹಳಬರು ಅದರ ಗೊಡವೆಗೇ ಹೋಗುತ್ತಿರಲಿಲ್ಲ. ಮೇಲಿನ ಕೋಣೆಯಲ್ಲಿ ಪುಸ್ತಕ ಕೊಟ್ಟು ಪಡೆಯುವ ಮೇಜಿನ ಹಿಂದೆ ಕೂರುತ್ತಿದ್ದ ಸೊಸೆಗೆ ಮಾತ್ರ ಆ ಸದ್ದು ಕೇಳಿದಾಗಲೆಲ್ಲ ತುಟಿಯ ಅಂಚಿನಲ್ಲಿ ನಗು. ಆ ಮೆಟ್ಟಿಲು ಕಟ್ಟಿದವರು ಅವಳ ಮಾವ.

ಮಾವ ಬಡಗಿ. ಹಾಗೆಂದು ಅವರೆದುರು ಹೇಳುವಂತಿರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ದೊಡ್ಡ ಮೇಸ್ತ್ರಿ ಎನ್ನಬೇಕು. ಊರೂ ಹಾಗೇ ಕರೆಯುತ್ತಿತ್ತು. ಅವರ ತಮ್ಮ ಚಿಕ್ಕ ಮೇಸ್ತ್ರಿ. ಹರೆಯದಲ್ಲಿ ಇಬ್ಬರೂ ಒಂದೇ ಕೊಟ್ಟಿಗೆಯಲ್ಲಿ ಬಾಗಿಲು, ಮಂಚ, ಶಾಲೆಯ ಬೆಂಚು ಮಾಡಿಕೊಂಡು ಹಾಯಾಗಿದ್ದರು. ಒಂದು ದಿನ ದೊಡ್ಡ ಮೇಸ್ತ್ರಿಯ ತಲೆಗೆ ಹುಳ ಹೊಕ್ಕಿತು. ಬಾಗಿಲನ್ನು ಜನ ತೆರೆಯುತ್ತಾರೆ, ಮುಚ್ಚುತ್ತಾರೆ, ಮಾಡಿದವನನ್ನು ಯಾರು ನೆನೆಯುತ್ತಾರೆ? ನಡುವೆ ಕಂಬವೇ ಇಲ್ಲದೆ ತನ್ನಷ್ಟಕ್ಕೆ ತಾನೇ ನಿಲ್ಲುವ ಸುರುಳಿ ಮೆಟ್ಟಿಲೊಂದನ್ನು ಕಟ್ಟಬೇಕು! ಆಗಷ್ಟೇ ಏಳುತ್ತಿದ್ದ ಗ್ರಂಥಾಲಯದ ಮಂದಿಯೆದುರು ನಿಂತು, ಅಂಥವು ಬೇರೆ ಊರುಗಳಲ್ಲಿ ಎರಡು ಕಟ್ಟಿದ್ದೇನೆ ಎಂದು ಕಣ್ಣು ಮಿಟುಕಿಸದೆ ಹೇಳಿದರು. ಕಟ್ಟುವುದಿರಲಿ, ಅಂಥದೊಂದನ್ನು ಕಣ್ಣಾರೆ ಕಂಡವರೂ ಅಲ್ಲ. ಕೆಲಸ ಸಿಕ್ಕಿತು.

ಬಹುಪಾಲು ಕಟ್ಟಿಯೂ ಬಿಟ್ಟರು. ಆದರೆ ಉದ್ಘಾಟನೆಯ ದಿನ ಹತ್ತಿರವಾದಂತೆ ಅವರಿಗೆ ನಿದ್ದೆಯೂ ಇಲ್ಲ, ಊಟವೂ ಇಲ್ಲ. ಸುಸ್ತಾಗಿದೆ, ನಾಳೆ ಮಾಡೋಣ ಎಂದ ತಮ್ಮನನ್ನು ಗದರಿಸಿ ಗರಗಸದ ಮೆಷೀನಿನ ಮುಂದೆ ನಿಲ್ಲಿಸಿದರು. ಚಿಕ್ಕ ಮೇಸ್ತ್ರಿಯ ಬಲಗೈಯ ಎರಡು ಬೆರಳು ಹೋದವು. ಉದ್ಘಾಟನೆ ಹೇಳಿದ ದಿನವೇ ನಡೆಯಿತು. ಆವತ್ತಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ತಮ್ಮ ಎರಡು ಬೀದಿ ಆಚೆ ಫೋಟೋಗಳಿಗೆ ಚೌಕಟ್ಟು ಹಾಕುವ ಪುಟ್ಟ ಅಂಗಡಿ ಇಟ್ಟುಕೊಂಡರು. ಎದುರಾದರೆ ಒಬ್ಬರು ರಸ್ತೆ ದಾಟುತ್ತಿದ್ದರು. ಇಷ್ಟೂ ಊರಿಗೆ ಗೊತ್ತಿದ್ದ ಕತೆ, ಸೊಸೆಗೂ ಗೊತ್ತಿತ್ತು.

ಕಿರುಗುಟ್ಟುವ ಮೆಟ್ಟಿಲ ಬಗ್ಗೆ ಯಾರಾದರೂ ಕೇಳಿದರೆ ಮಾವನ ಉತ್ತರ ಸಿದ್ಧವಿರುತ್ತಿತ್ತು: “ಅದು ಬೇಕಂತಲೇ ಬಿಟ್ಟಿದ್ದು. ಮೇಲೆ ಓದೋರು ತಲೆ ತಗ್ಗಿಸಿ ಕೂತಿರ್ತಾರೆ. ಯಾರೋ ಬಂದ್ರು ಅಂತ ಗೊತ್ತಾಗ್ಬೇಡ್ವಾ?” ಎಂಥ ಮುಂದಾಲೋಚನೆ ಎಂದು ಗ್ರಂಥಾಲಯದವರು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ಸೊಸೆಯೂ ಹೇಳುತ್ತಿದ್ದಳು.

ವಯಸ್ಸಾಗುತ್ತ ಮಾವನ ಕಣ್ಣಿನ ನರ ಸೋತು ದೃಷ್ಟಿ ಪೂರ್ತಿ ಹೋಯಿತು. ಜಂಬ ಹೋಗಲಿಲ್ಲ. ಆಗೊಮ್ಮೆ ಈಗೊಮ್ಮೆ ಸೊಸೆಯ ಜೊತೆ ಗ್ರಂಥಾಲಯಕ್ಕೆ ಬರುವರು. ಕೈಗಂಬಿ ಹಿಡಿದು, ಯಾರ ನೆರವೂ ಬೇಡವೆಂದು ಗದರಿ, ತಾವೊಬ್ಬರೇ ಹತ್ತುವರು. ಕಿರ್ರೆಂದಾಗ ನಿಂತು, “ನೋಡಿದ್ಯಾ, ನನ್ನ ಮೆಟ್ಟಿಲು ನನ್ನನ್ನೇ ಮಾತಾಡಿಸುತ್ತೆ” ಎನ್ನುವರು.

ಸೊಸೆಗೆ ಮಾವನೆಂದರೆ ಪ್ರಾಣ. ಮದುವೆಯಾದ ಮೇಲೆ ಅವಳು ಗ್ರಂಥಾಲಯದ ಪರೀಕ್ಷೆಗೆ ಓದುತ್ತೇನೆಂದಾಗ ಗಂಡ ಅತ್ತಲೂ ಇಲ್ಲ ಇತ್ತಲೂ ಇಲ್ಲವೆಂಬಂತೆ ಗೊಣಗಿದ್ದ. ಒಳಗಿನಿಂದ ಮಾವ ಕೂಗಿದ್ದರು: “ಓದ್ಲಿ ಬಿಡೋ. ಬೇಕು ಅನ್ನೋರಿಗೆ ಅಡ್ಡ ನಿಲ್ಬಾರ್ದು.” ಆ ಒಂದು ಮಾತಿಗಾಗಿ ಅವರ ನೂರು ಸಿಡುಕನ್ನು ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು. ಈಗ ದಿನಾ ಸಂಜೆ, ಮನೆಯಲ್ಲಿ ಕಿಟಕಿಯ ಪಕ್ಕ ಅವರ ಕುರ್ಚಿಯ ಎದುರು ಕೂತು ಪುಸ್ತಕ ಓದಿ ಹೇಳುವಳು.

ಹೀಗೇ ಒಂದು ಅಮೆರಿಕದ ಕಾದಂಬರಿಯ ಅನುವಾದ ಅವಳ ಕೈಗೆ ಬಂತು. ಹೊಲದಲ್ಲಿ ಬೆಳೆದ ಹುಡುಗನೊಬ್ಬ ಎಲ್ಲೂ ಕಲಿಯದೆ ತಾನು ಎಂಜಿನಿಯರೆಂದು ಹೇಳಿಕೊಂಡು, ಎಲ್ಲರೂ ಆಗದೆಂದು ಕೈಬಿಟ್ಟ ನದಿಗೆ ಸೇತುವೆ ಕಟ್ಟಲು ಹೊರಡುವ ಕತೆ. ಮಾವ ಕೆಮ್ಮು ಬರುವಷ್ಟು ನಕ್ಕರು. “ನಮ್ಮವನೇ ಕಣಮ್ಮ ಇವನು!” ಎಂದು ತೊಡೆ ತಟ್ಟಿಕೊಂಡರು. ಸಂಜೆಯಾಗುವುದನ್ನೇ ಕಾಯತೊಡಗಿದರು. ‘ಸೇತುವೆಯವನು’ ಎಂದು ಅವನಿಗೆ ಹೆಸರೂ ಬಿತ್ತು.

ಒಂದು ಮಧ್ಯಾಹ್ನ ಮೇಜಿನ ಹಿಂದೆ ಕೂತು ಮುಂದಿನ ಅಧ್ಯಾಯ ನೋಡಿಕೊಳ್ಳುತ್ತಿದ್ದವಳು ತಟ್ಟನೆ ಓದು ನಿಲ್ಲಿಸಿದಳು. ಸೇತುವೆಯವನು ಗಡುವಿನ ಆತುರದಲ್ಲಿ, ನೀರು ಏರುತ್ತಿದೆ ಬೇಡ ಎಂದ ಬಾಲ್ಯದ ಗೆಳೆಯನನ್ನೇ ಬೈದು ಕಂಬದ ಬುಡಕ್ಕೆ ಇಳಿಸುತ್ತಾನೆ. ಗೆಳೆಯ ಒಂದು ಕಾಲು ಕಳೆದುಕೊಳ್ಳುತ್ತಾನೆ. ಇವನು ನೋಡಲೂ ಹೋಗುವುದಿಲ್ಲ. ಇದನ್ನು ಮಾವನಿಗೆ ಹೇಗೆ ಓದುವುದು?

ಓದಲಿಲ್ಲ. ಆ ಪುಟಗಳನ್ನು ಹಾರಿಸಿದಳು. ಒಮ್ಮೆ ಹಾರಿಸಿದ ಮೇಲೆ ಮುಂದಿನದಕ್ಕೂ ತೇಪೆ ಹಾಕಲೇಬೇಕಾಯಿತು. ಅವನ ಒಂದೊಂದೇ ಸುಳ್ಳು, ಒಂದೊಂದೇ ಕಟುಮಾತು ಹೋಯಿತು. ಒಂದು ಸಂಜೆಯಂತೂ ಪುಸ್ತಕದಲ್ಲಿ ಎಲ್ಲೂ ಇಲ್ಲದ ಕಣ್ಣೀರನ್ನು ಅವನಿಂದ ಧಾರಾಳವಾಗಿ ಸುರಿಸಿದಳು. ಸೇತುವೆಯವನು ದಿನೇ ದಿನೇ ಸಜ್ಜನನಾದ. ಮಾವ ದಿನೇ ದಿನೇ ತೂಕಡಿಸತೊಡಗಿದರು.

“ಇವನಿಗೇನು ಬಂತಮ್ಮ?” ಎಂದರು ಒಮ್ಮೆ ಆಕಳಿಸುತ್ತ. “ಬರ್ತಾ ಬರ್ತಾ ಸಪ್ಪೆ ಆಗ್ತಿದಾನೆ. ಇಷ್ಟು ಒಳ್ಳೆಯವನು ಸೇತುವೆ ಕಟ್ಟಲ್ಲ. ಮನೇಲಿ ಮಲಗ್ತಾನೆ.”

ಮರುದಿನ ಅವಳು ಪುಟ ತಿರುಗಿಸುತ್ತಿದ್ದಂತೆ ಮಾವ ಕೈ ಎತ್ತಿದರು.

“ನಿಲ್ಲು. ಎಷ್ಟು ಹಾಳೆ ಒಟ್ಟಿಗೆ ತಿರುಗಿಸಿದೆ?”

“ಒಂದೇ, ಮಾವ.”

“ಸುಳ್ಳು ಹೇಳೋದ್ರಲ್ಲಿ ನಾನು ನಿನ್ನ ಮಾವ. ಅದು ಒಂದು ಹಾಳೆಯ ಸದ್ದಲ್ಲ. ಏನು ಬಿಡ್ತಾ ಇದೀಯ?”

ಅವಳು ಪುಸ್ತಕ ಮಡಚಿಬಿಟ್ಟಳು. ಅಷ್ಟರಲ್ಲೇ ಅವರಿಗೆ ಗೊತ್ತಾಯಿತೆಂದು ಕಾಣುತ್ತದೆ, ಮುಖ ಕೆಂಪಾಯಿತು. “ನನ್ನ ಮೇಲೆ ಕನಿಕರ ತೋರಿಸು ಅಂತ ನಿನಗ್ಯಾರು ಹೇಳಿದ್ರು? ಹಿಂದಕ್ಕೆ ಹೋಗು. ಬಿಟ್ಟಿದ್ದೆಲ್ಲ ಓದು.”

ಓದಿದಳು. ಒಂದು ಸಾಲೂ ಬಿಡದೆ ಓದಿದಳು. ಮಾವ ಮಿಸುಕಾಡಲಿಲ್ಲ. ಹೊರಗೆ ಬೀದಿಯ ದೀಪ ಹತ್ತಿಕೊಂಡಿತು.

“ಅವನು ಆಸ್ಪತ್ರೆಗೆ ಹೋಗ್ಲೇ ಇಲ್ವಾ?”

“ಇಲ್ಲ ಮಾವ.”

“ನಾನು ಗೇಟಿನ ತನಕ ಹೋಗಿದ್ದೆ. ಅಲ್ಲಿಂದ ವಾಪಸ್ ಬಂದು ಕೊನೇ ಮೆಟ್ಟಿಲು ಕೂರಿಸ್ದೆ.” ಆಮೇಲೆ ತಾವೇ ವಿವರಿಸತೊಡಗಿದರು. ಮೆಟ್ಟಿಲ ಹಲಗೆ ಕೂರಿಸುವಾಗ ಎರಡು ತುದಿಯ ಸಂದಿಗೂ ಬೆಣೆ ಇಟ್ಟು ಇಬ್ಬರು ಕೊಡತಿಯೆಂಬ ಮರದ ಸುತ್ತಿಗೆಯಿಂದ ಏಕಕಾಲಕ್ಕೆ ಹೊಡೆಯಬೇಕು. ಒಂದು ಏಟು ಮುಂದಾದರೂ ಹಲಗೆ ಒಂದು ಕಡೆಗೆ ಕಚ್ಚಿಕೊಳ್ಳುತ್ತದೆ. ಅಣ್ಣ ‘ಹೂಂ’ ಅಂದರೆ ಸಾಕು, ತಮ್ಮನ ಕೊಡತಿ ಅಣ್ಣನ ಕೊಡತಿಯ ಜೊತೆಗೇ ಬೀಳುತ್ತಿತ್ತು. ಅಷ್ಟೂ ಮೆಟ್ಟಿಲುಗಳನ್ನು ಹಾಗೆಯೇ ಕೂರಿಸಿದ್ದು. ಕೊನೆಯದಕ್ಕೆ ಮಾತ್ರ ಕೂಲಿಯವನೊಬ್ಬನನ್ನು ಆ ತುದಿಗೆ ನಿಲ್ಲಿಸಿದರು. ಅವನಿಗೆ ಆ ‘ಹೂಂ’ ಹಿಡಿಯಲು ಬರಲಿಲ್ಲ. “ಅದಕ್ಕೇ ಕಿರುಗುಟ್ಟೋದು. ಬೇಕಂತ ಬಿಟ್ಟಿದ್ದು ಅಂತ ಹೇಳಿದ್ದು ಬರೀ ಬುರುಡೆ.”

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾನೆಷ್ಟು ಜನಕ್ಕೆ ಆ ಬುರುಡೆಯನ್ನು ದಾಟಿಸಿದ್ದೇನೆಂದು ನೆನೆದು ನಾಚಿಕೆಯೂ ಆಯಿತು.

“ಈಗ ಹೇಳು,” ಎಂದರು ಮಾವ. “ಇಷ್ಟೆಲ್ಲ ಗೊತ್ತಾದ ಮೇಲೂ ಸೇತುವೆಯವನು ನಿಂಗೆ ಇಷ್ಟ ಆಗ್ತಾನಾ?”

ಕೇಳಿದ್ದು ಯಾರ ಬಗ್ಗೆಯೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಮನಸ್ಸನ್ನು ತಡಕಾಡಿದಳು. ಸಮಾಧಾನದ ಮಾತು ಹೇಳಿದರೆ ಅದೂ ಹಾಳೆ ಹಾರಿಸಿದಂತೆಯೇ.

“ಅವನು ಮಾಡಿದ್ದು ತಪ್ಪು ಮಾವ. ಅದಕ್ಕೆ ಎರಡು ಮಾತಿಲ್ಲ. ಆದ್ರೆ ನಾನು ಅವನನ್ನ ಒಳ್ಳೆಯವನು ಮಾಡಿದಾಗ ನಿಮಗೆ ನಿದ್ದೆ ಬಂತು, ನನಗೂ ಬೇಜಾರಾಯ್ತು. ನದಿ ಹತ್ರ ಜನ ದೋಣಿಗೆ ಕಾಯ್ತಾ ಕೂತಿದ್ರು. ಇಷ್ಟೇ ನಮ್ಮ ಹಣೇಬರಹ ಅಂತ ಎಲ್ರೂ ಸುಮ್ನಿದ್ರು. ಅವನೊಬ್ಬ ಸುಮ್ನಿರ್ಲಿಲ್ಲ. ನಂಗೆ ದೊಡ್ಡದು ಬೇಕು ಅಂತ ಎದೆ ತಟ್ಟಿ ಹೇಳ್ದ. ನಂಗಿಷ್ಟ ಆಗಿದ್ದು ಅದು.” ತಡೆದು ತಡೆದು ಮುಂದುವರಿಸಿದಳು. “ಆದ್ರೆ ಅಷ್ಟಕ್ಕೇ ಮೆಚ್ಚಿಬಿಡೋಕೆ ಆಗಲ್ಲ. ಆ ಗೆಳೆಯನ ಮುಖ ನೋಡೋ ಧೈರ್ಯ ಅವನಿಗೆ ಬರುತ್ತಾ? ಕೊನೇ ಪುಟ ನಾನಿನ್ನೂ ಓದಿಲ್ಲ.”

ಮಾವ ಕುರ್ಚಿಯ ತೋಳನ್ನು ಸವರಿದರು. “ಓದ್ಬೇಡ ಈಗ,” ಎಂದರು. “ನಾಳೆ ನನ್ನನ್ನ ಅವನ ಅಂಗಡಿಗೆ ಕರ್ಕೊಂಡು ಹೋಗು. ಹೊರಗೆ ಹಾಕಿದ್ರೆ ಹಾಕ್ಲಿ.”

ಮರುದಿನ ದಾರಿಯುದ್ದಕ್ಕೂ ಮಾವ ಹೇಳಬೇಕಾದ ಮಾತನ್ನು ಬಾಯೊಳಗೇ ಉರು ಹೊಡೆಯುತ್ತಿದ್ದರು. ಚಿಕ್ಕ ಮೇಸ್ತ್ರಿ ಬಾಗಿಲು ಹಾಕಿಕೊಂಡರೆ ಈ ವಯಸ್ಸಿನಲ್ಲಿ ಮತ್ತೊಮ್ಮೆ ಕೇಳುವ ಧೈರ್ಯ ಅವರಿಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಚಿಕ್ಕ ಮೇಸ್ತ್ರಿ ಗೋಡೆಗೆ ಒರಗಿಸಿದ ಚೌಕಟ್ಟುಗಳ ನಡುವೆ ಕೂತು ಒಂದು ಮೂಲೆಗೆ ಅಂಟು ಹಚ್ಚುತ್ತಿದ್ದರು. ಅಣ್ಣನನ್ನು ಕಂಡು ಏಳಲಿಲ್ಲ. ಹೋಗಿ ಎಂದೂ ಹೇಳಲಿಲ್ಲ.

ಮಾವನ ಉರು ಹೊಡೆದ ಮಾತೆಲ್ಲ ಎಲ್ಲಿ ಹಾರಿಹೋಯಿತೋ! ಮೂಗರಳಿಸಿ, “ಅಂಟು ಜಾಸ್ತಿ ಆಯ್ತು,” ಎಂದುಬಿಟ್ಟರು.

ಸೊಸೆ ಕಣ್ಣು ಮುಚ್ಚಿಕೊಂಡಳು. ಮುಗಿಯಿತು ಕತೆ ಅಂದುಕೊಂಡಳು.

“ಕಣ್ಣು ಹೋದ್ರೂ ಮೂಗು ತೂರಿಸೋದು ಬಿಟ್ಟಿಲ್ಲ,” ಎಂದರು ಚಿಕ್ಕ ಮೇಸ್ತ್ರಿ, ಕೆಲಸದಿಂದ ತಲೆ ಎತ್ತದೆ.

ಮಾವ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. “ನಿನ್ನ ಬೆರಳು ನನ್ನಿಂದ ಹೋಯ್ತು ಕಣೋ. ನೀನು ಬೇಡ ಅಂದೆ. ನಾನು ಕೇಳ್ಲಿಲ್ಲ.”

ಈಗ ಚಿಕ್ಕ ಮೇಸ್ತ್ರಿ ತಲೆ ಎತ್ತಿದರು. ಸಿಟ್ಟು ಮುಖದಲ್ಲಿ ಹೊಸದಾಗಿ ಏರಿತು.

“ಬೆರಳಾ? ಇಷ್ಟು ವರ್ಷ ಬೆರಳಿಗೆ ಮುನಿಸಿಕೊಂಡಿದೀನಿ ಅಂದ್ಕೊಂಡ್ಯಾ? ಮೂರು ಬೆರಳಲ್ಲಿ ಸಂಸಾರ ಸಾಕಿದೀನಿ ನಾನು. ಎರಡು ಕಟ್ಟಿದೀವಿ ಅಂತ ನೀನು ಬುರುಡೆ ಬಿಟ್ಟಾಗ ಪಕ್ಕದಲ್ಲಿ ನಿಂತು ಹೌದು ಹೌದು ಅಂತ ತಲೆ ಆಡಿಸಿದ್ದು ಯಾರು? ಆ ಮೆಟ್ಟಿಲು ನಿಂಗೊಬ್ಬನಿಗೇ ಬೇಕಿತ್ತಾ? ನಂಗೂ ಬೇಕಿತ್ತು. ನಿನ್ನಷ್ಟೇ ಬೇಕಿತ್ತು!” ಅಂಟಿನ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದರು. “ನಾನು ಆಸ್ಪತ್ರೇಲಿ ಮಲಗಿದ್ದಾಗ ಯಾರೋ ದಾರೀಲಿ ಹೋಗೋನ ಕೈಗೆ ನನ್ನ ಕೊಡತಿ ಕೊಟ್ಟು ಕೊನೇದು ಕೂರಿಸಿಬಿಟ್ಯಲ್ಲ ಅಣ್ಣ. ನನ್ನ ಕಾಯ್ಲಿಲ್ಲ ನೀನು.”

ಸೊಸೆ ಬೆಪ್ಪಾಗಿ ನಿಂತಳು. ಇಷ್ಟು ದಿನ ಅವಳು ಚಿಕ್ಕಮಾವನನ್ನು ಬರೀ ಪಾಪದವರೆಂದು ಕನಿಕರದಿಂದ ನೋಡಿದ್ದಳು. ಅವರೊಳಗೂ ಅದೇ ಹುಳ ಇತ್ತೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮಾವನಿಗೂ ಹೊಳೆದಿರಲಿಲ್ಲ.

“ಅದು ಕಿರುಗುಟ್ಟುತ್ತೆ ಕಣೋ,” ಎಂದರು ಮಾವ ಮೆಲ್ಲಗೆ.

“ಗೊತ್ತು. ಊರಿಗೇ ಗೊತ್ತು.”

“ಬೇಕಂತ ಬಿಟ್ಟಿದ್ದಲ್ಲ.”

“ಅದೂ ಗೊತ್ತು. ಒಂದೇ ಸಲ ಹತ್ತಿ ನೋಡಿದೀನಿ. ಯಾವ ಕಡೆ ಏಟು ತಪ್ಪಿದೆ ಅಂತ ಕಾಲಿಗೇ ತಿಳೀತು.”

“ಹಾಗಾದ್ರೆ ಬಾ. ಬಿಚ್ಚಿ ಕೂರಿಸೋಣ. ನೀನಿಲ್ದೆ ನಂಗಾಗಲ್ಲ.”

ಚಿಕ್ಕ ಮೇಸ್ತ್ರಿ ಹೆಚ್ಚಾದ ಅಂಟನ್ನು ಬಟ್ಟೆಯಿಂದ ಒರೆಸಿದರು. ನಿಜಕ್ಕೂ ಹೆಚ್ಚಾಗಿತ್ತು. ಆಮೇಲೆ ಕೇಳಿದರು, ಸೊಸೆಯನ್ನು: “ಗ್ರಂಥಾಲಯಕ್ಕೆ ರಜೆ ಯಾವತ್ತಮ್ಮ?”

ರಜೆಯ ದಿನ ಅವಳು ಮೇಲಿನವರ ಒಪ್ಪಿಗೆ ಪಡೆದು ಬಾಗಿಲು ತೆರೆದಳು. ಚಿಕ್ಕ ಮೇಸ್ತ್ರಿ ಕೊನೆಯ ಹಲಗೆಯನ್ನು ಬಿಚ್ಚಿ, ಹಳೆಯ ಬೆಣೆಗಳನ್ನು ಕಿತ್ತು ಎಸೆದು, ಹೊಸವನ್ನು ಉಳಿಯಿಂದ ಕೆತ್ತಲು ಕೂತರು. ಮಾವನಿಗೆ ಕಾಯುವುದೊಂದೇ ಕೆಲಸ. ಅದು ಅವರಿಗೆ ಯಾವ ಕಾಲಕ್ಕೂ ಬಂದದ್ದಲ್ಲ. “ಕೊನೇ ಪುಟ ಓದಮ್ಮ,” ಎಂದರು.

ಅವಳು ಓದಿದಳು. ಸೇತುವೆಯವನು ಮುದುಕನಾಗಿದ್ದಾನೆ. ಆಚೆ ದಡದಲ್ಲಿ ಗೆಳೆಯನ ಮನೆ. ದಿನಾ ಸಂಜೆ ಕೋಲೂರಿಕೊಂಡು ಸೇತುವೆಯ ನಡುವಿನ ತನಕ ನಡೆಯುತ್ತಾನೆ, ಆ ಮನೆಯ ದೀಪ ಹತ್ತುವುದನ್ನು ನೋಡುತ್ತಾನೆ, ಹಿಂತಿರುಗುತ್ತಾನೆ.

“ದಾಟ್ಲೇ ಇಲ್ವಾ?” ಎಂದರು ಮಾವ.

“ಇಲ್ಲ ಮಾವ. ಅಲ್ಲಿಗೇ ಮುಗೀತು.”

“ಮತ್ತೆ ಸೇತುವೆ ಕಟ್ಟಿದ್ದಾದ್ರೂ ಯಾಕೆ, ಪೆದ್ದ!” ಎಂದರು ಚಿಕ್ಕ ಮೇಸ್ತ್ರಿ, ಬೆಣೆಯ ತುದಿಯನ್ನು ಊದುತ್ತ. “ಬಾ ಅಣ್ಣ. ಕೊಡತಿ ಹಿಡಿ.”

ಇಬ್ಬರೂ ಹಲಗೆಯ ಎರಡು ತುದಿಗೆ ಮಂಡಿಯೂರಿದರು. ಮಾವ ಎಡಗೈಯಿಂದ ಬೆಣೆಯನ್ನು ಮುಟ್ಟಿ ನೋಡಿ, ಕೊಡತಿ ಎತ್ತಿ, “ಹೂಂ” ಎಂದರು. ಒಂದೇ ಏಟು ಕೇಳಿಸಿತು. ಮತ್ತೆ “ಹೂಂ.” ಮತ್ತೆ ಒಂದೇ ಏಟು. ಸೊಸೆ ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದಳು.

“ಈಗ ಕೆಳಗಿಂದ ಹತ್ತಿ ಬಾ, ನೋಡೋಣ,” ಎಂದರು ತಮ್ಮ.

ಮಾವ ಸೊಸೆಯ ಕೈ ಹಿಡಿದು ಇಳಿದರು. ಹತ್ತುವಾಗ ಅವಳ ಕೈ ಬಿಡಿಸಿಕೊಂಡರು. ಕೈಗಂಬಿ ಸವರುತ್ತ, ಗತ್ತಿನಿಂದ, ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಕೊನೆಯದರ ಮೇಲೆ ಕಾಲಿಟ್ಟರು. ಅದು ಉಸಿರೆತ್ತಲಿಲ್ಲ. ಇಷ್ಟು ಕಾಲ ದಾರಿ ಮುಗಿಯಿತೆಂದು ಅವರಿಗೆ ಹೇಳುತ್ತಿದ್ದದ್ದು ಆ ಸದ್ದೊಂದೇ. ಇನ್ನೂ ಇದೆಯೆಂದುಕೊಂಡು ಮಾವ ಮತ್ತೊಂದು ಹೆಜ್ಜೆ ಎತ್ತಿದರು, ಮೆಟ್ಟಿಲು ಸಿಗದೆ ಮುಗ್ಗರಿಸಿದರು.

ಮೂರು ಬೆರಳಿನ ಕೈಯೊಂದು ಅವರ ತೋಳನ್ನು ಗಟ್ಟಿಯಾಗಿ ಹಿಡಿಯಿತು.

“ಸಾಕು ಅಣ್ಣ,” ಎಂದರು ಚಿಕ್ಕ ಮೇಸ್ತ್ರಿ. “ಇನ್ನು ಹತ್ತೋದಿಲ್ಲ. ಬಂದಾಯ್ತು.”