ಲೆಕ್ಕದ ಬೀಜ ತಿಂದವಳು

ಆಪಾ, ಅಂದರೆ ನನ್ನ ಅಕ್ಕ, ತೀರಿಕೊಂಡು ನಲವತ್ತು ದಿನ ಕಳೆಯಿತು. ಮನೆಗೆ ಬಂದವರೆಲ್ಲ ಅವಳ ತಾಳ್ಮೆ, ನಮಾಜು, ರೋಜಾ ಎಂದು ಹೊಗಳಿ ಹೋದರು. ಎಲ್ಲ ನಿಜವೇ. ಆದರೆ ನನಗೆ ಪದೇ ಪದೇ ನೆನಪಾಗುವುದು ಅವಳು ದುವಾದ ಲೆಕ್ಕಕ್ಕೆ ಇಟ್ಟಿದ್ದ ಬೀಜ ತಿಂದದ್ದು. ಸಾವಿನ ಮನೆಗೆ ಬಂದವರ ಮುಂದೆ ಅದನ್ನು ಹೇಳುವುದು ಹೇಗೆ? ಅದಕ್ಕೇ ಬರೆಯುತ್ತಿದ್ದೇನೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಸೊರಬಕ್ಕೆ ಮದುವೆಯಾಗಿ ಹೋಗಿದ್ದ ಆಪಾಳ ಮೂರು ತಿಂಗಳ ಮಗು ಜ್ವರದಲ್ಲಿ ಹೋಯಿತು. ಅವಳನ್ನು ಶಿಕಾರಿಪುರಕ್ಕೆ, ನಮ್ಮ ಮನೆಗೆ ಕರೆತಂದರು. ಬಂದವಳು ಗೋಡೆ ಕಡೆ ಮುಖ ಮಾಡಿ ಕೂತಳು. ಅಳಲಿಲ್ಲ, ಮಾತಾಡಲಿಲ್ಲ, ನಾಲ್ಕು ದಿನ ನೀರು ಬಿಟ್ಟು ಏನೂ ಬಾಯಿಗಿಡಲಿಲ್ಲ. ನನ್ನ ಜಡೆಯನ್ನು ಕಿಟಕಿ ಸರಳಿಗೆ ಕಟ್ಟಿ ಓಡಿಹೋಗುತ್ತಿದ್ದವಳು ಇವಳೇನಾ ಅನ್ನಿಸುತ್ತಿತ್ತು.

ಐದನೇ ದಿನ ದಾದಿ, ನಮ್ಮ ಅಪ್ಪನ ತಾಯಿ, ಆಯತೆ ಕರೀಮಾ ಓದಿಸಲು ನಿಶ್ಚಯಿಸಿದರು. ಮೀನಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಪೈಗಂಬರರೊಬ್ಬರು ಆ ಕತ್ತಲಲ್ಲಿ ಕೂತು ಹೇಳಿದ ದುವಾ ಅದು. ಕಷ್ಟ ಬಂದ ಮನೆಯಲ್ಲಿ ಹೆಂಗಸರು ಸೇರಿ ಒಂದೂಕಾಲು ಲಕ್ಷ ಸಲ ಓದುತ್ತಾರೆ. ಒಂದು ಸಲ ಓದಿದರೆ ಒಂದು ಹುಣಸೆ ಬೀಜ ರಾಶಿಯಿಂದ ಪಕ್ಕಕ್ಕೆ.

ಬೀಜ ಕೊಟ್ಟವರು ಪಕ್ಕದ ಅಂಗಡಿ ಮನೆಯ ಲಿಂಗಾಯತರ ಅವ್ವ. ಎರಡು ಮೊರ ತಂದು ಬಿಳಿ ಚಾದರದ ಮೇಲೆ ತಾವೇ ಸುರಿದರು. ಅದರಲ್ಲಿ ಒಂದು ಮೊರ ಮೊಮ್ಮಕ್ಕಳಿಗೆಂದು ಹುರಿದಿಟ್ಟದ್ದು. ಹುರಿದರೂ ಸಿಪ್ಪೆ ಕಪ್ಪೇ ನೋಡಿ, ಅವಸರದಲ್ಲಿ ಗೊತ್ತಾಗಲಿಲ್ಲ.

"ಓದಕ್ಕೆ ನಂಗೆ ಬರಲ್ರೀ. ಯಾರು ಕಳ್ಳಲೆಕ್ಕ ಹಾಕ್ತಾರೆ ಅಂತ ನೋಡ್ತಾ ಕೂರ್ತೀನಿ" ಎಂದು ಅವ್ವ ಬಾಗಿಲ ಬಳಿ ಕೂತರು.

"ನೀವಿದ್ರೆ ಪೊಲೀಸ್ರೇ ಬ್ಯಾಡ ಬಿಡ್ರಿ" ಎಂದರು ದಾದಿ.

ದಾದಿ ಆಪಾಳನ್ನೂ ಎಬ್ಬಿಸಿ ತಂದು ತಮ್ಮ ಪಕ್ಕ ಕೂರಿಸಿಕೊಂಡಿದ್ದರು. ಓದು ಶುರುವಾಗಿ ಬಹಳ ಹೊತ್ತಾಗಿತ್ತು. ಕಟುಂ ಎಂಬ ಸದ್ದು. ಹೆಂಗಸರ ತುಟಿ ನಿಲ್ಲಲಿಲ್ಲ, ಕಣ್ಣುಗಳು ಮಾತ್ರ ಸುತ್ತ ಹುಡುಕಿದವು. ಇನ್ನೊಂದು ಕಟುಂ. ರಾಶಿಯಲ್ಲಿ ಕೈಯಿಟ್ಟು ಸುಮ್ಮನೆ ಕೂತಿದ್ದ ಆಪಾಳ ದವಡೆ ಆಡುತ್ತಿತ್ತು!

"ಅಯ್ಯೋ, ಹುಡುಗಿ ಲೆಕ್ಕಾನೇ ತಿಂತಿದಾಳಲ್ರೀ!" ಎಂದರು ಅವ್ವ.

ನಾನು ನಗು ತಡೆಯಲು ದುಪಟ್ಟಾ ಬಾಯಿಗೆ ತುರುಕಿಕೊಂಡೆ. ಒಂದು ಬೀಜ ಜಾರಿದರೂ ಚಾದರ ಕೊಡವಿಸಿ ಹುಡುಕಿಸುತ್ತಿದ್ದ ದಾದಿ ಈಗ ಎಲ್ಲರನ್ನೂ ಮೊದಲಿನಿಂದ ಓದಿಸುವುದು ಖಂಡಿತ ಎಂದುಕೊಂಡೆ. ಅವರು ಕಣ್ಣು ಮುಚ್ಚಿ ಓದುತ್ತಲೇ ಇದ್ದರು. ಆದರೆ ಕೈ ಮಾತ್ರ ಹುರಿದ ಬೀಜಗಳನ್ನು ಮುಟ್ಟಿ ಮುಟ್ಟಿ ಆರಿಸಿ ಆಪಾಳ ಮೊಣಕಾಲ ಕಡೆ ತಳ್ಳುತ್ತಿತ್ತು. ಅದನ್ನು ನೋಡಿ ಉಳಿದವರೂ ತಳ್ಳಿದರು.

"ಹಂಗಾದ್ರೆ ಲೆಕ್ಕ?" ಅವ್ವ ಪಿಸುಗುಟ್ಟಿದರು.

"ಅಲ್ಲಾಹ್‌ಗೆ ಎಣಿಸಕ್ಕೆ ಬರ್ತದೆ. ನೀವು ಸುಮ್ನಿರ್ರಿ" ಎಂದರು ದಾದಿ.

ಹತ್ತು ಹನ್ನೆರಡು ಬೀಜ ಹೋದ ಮೇಲೆ ಆಪಾ ತಲೆಯೆತ್ತಿ ಅವ್ವನನ್ನು ನೋಡಿದಳು.

"ಉಪ್ಪು ಕಮ್ಮಿ ಆಗಿದೆ ಅವ್ವಾ."

ಐದು ದಿನದಲ್ಲಿ ಅದೇ ಅವಳ ಮೊದಲ ಮಾತು.

"ಸೊರಬದ ನೀರು ಕುಡಿದು ನಾಲಿಗೆ ಉದ್ದ ಆಗೈತಿ ನಿಂದು! ತಡಿ, ತರ್ತೀನಿ" ಎಂದು ಗದರುತ್ತ ಎದ್ದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಪಾ ದಾದಿಯ ತೊಡೆಗೆ ಮುಖವಿಟ್ಟು ಜೋರಾಗಿ ಅಳತೊಡಗಿದಳು. ದಾದಿ ಒಂದು ಕೈಯನ್ನು ಅವಳ ಬೆನ್ನ ಮೇಲಿಟ್ಟು, ಇನ್ನೊಂದರಿಂದ ಮುಂದಿನ ಬೀಜ ಎತ್ತಿಕೊಂಡರು.